ಆತ್ಮಸಂಶಯವು ವಿನಯವಲ್ಲ

“ನಮ್ಮಿಂದ ಏನಾದೀತು?” ಈ ಒಂದು ಮಾತು ಮಾಡಿದಷ್ಟು ಅನರ್ಥವನ್ನು ಯಾವ ಶತ್ರುಸೈನ್ಯವೂ ಮಾಡಿರಲಾರದು. ಶಾಲೆಯಲ್ಲಿ, ಕಚೇರಿಯಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ ಕೂಡ ಇದನ್ನೇ ಕೇಳುತ್ತೇವೆ. ಹೀಗೆ ನುಡಿದವನನ್ನು ಯಾರೂ ಜರೆಯುವದಿಲ್ಲ, “ಎಷ್ಟು ವಿನಯಶೀಲನು!” ಎಂದು ಹೊಗಳುವರು. ಈ ಹೊಗಳಿಕೆಯೇ ಮೋಸವೆಂಬದು ನಮ್ಮ ವಾದ.

ವಿನಯವಂತನು ತಾನು ಮಾಡಿದ ಕೆಲಸವನ್ನು ಒರೆಗೆ ಹಚ್ಚಿ ನೋಡಿ, ತಪ್ಪಿದ್ದರೆ ತಿದ್ದುತ್ತಾನೆ. ಆತ್ಮಸಂಶಯಿಯಾದರೋ ಕೆಲಸಕ್ಕೆ ಕೈಯನ್ನೇ ಹಚ್ಚುವದಿಲ್ಲ. ಕೈ ಹಚ್ಚದವನಿಗೆ ರೂಢಿಯಾಗದು. ರೂಢಿಯಿಲ್ಲದವನಿಗೆ ಕೌಶಲವು ಬಾರದು. ಆಗ ಸಂಶಯವು “ಮೊದಲೇ ಹೇಳಲಿಲ್ಲವೇ?” ಎಂದು ತನ್ನ ಪರವಾಗಿ ತಾನೇ ಸಾಕ್ಷಿ ನುಡಿಯುತ್ತದೆ. ವಾದಿಯೇ ಸಾಕ್ಷಿಯೂ ನ್ಯಾಯಾಧೀಶನೂ ಆದಮೇಲೆ ತೀರ್ಪು ಏನಾದೀತೆಂದು ಬೇರೆ ಹೇಳಬೇಕೇ?

ಇದರಿಂದ ಬಾಳಿಗೊದಗುವ ಹಾನಿಯನ್ನು ನೋಡಿರಿ. ಸಾಲದ ಕಾಗದಕ್ಕೆ ಸಹಿ ಹಾಕುವ ಒಕ್ಕಲಿಗನು “ಇದರಲ್ಲೇನು ಬರೆದಿದೆ?” ಎಂದು ಕೇಳಲು ನಾಚುತ್ತಾನೆ, ಕೇಳಿದರೆ ದಡ್ಡನೆಂದಾರೆಂಬ ಅಂಜಿಕೆ. ಆ ನಾಚಿಕೆಯ ಬೆಲೆಯನ್ನು ಮುಂದೆ ಹೊಲವನ್ನು ಕಳೆದುಕೊಂಡು ತೆರುತ್ತಾನೆ. ವರ್ಗದ ಹುಡುಗನು ತಿಳಿಯದ ಲೆಕ್ಕಕ್ಕೆ ತಿಳಿದವನಂತೆ ತಲೆದೂಗಿ, ವರ್ಷದ ಕೊನೆಗೆ ಗಣಿತವು ತನ್ನ ಹಣೆಯಲ್ಲೇ ಬರೆದಿಲ್ಲವೆಂದು ನಿಶ್ಚಯಿಸುತ್ತಾನೆ. ಜಾಣೆಯಾದ ಹೆಣ್ಣುಮಗಳು ನೌಕರಿಯ ಅರ್ಜಿಯನ್ನು ಬರೆದು ಪೆಟ್ಟಿಗೆಯಲ್ಲಿ ಮಡಚಿಡುತ್ತಾಳೆ. ಅವಳಿಗಿಂತ ಕಡಿಮೆ ಓದಿದವನು ಆ ಸ್ಥಾನದಲ್ಲಿ ಬಂದು ಕೂಡುತ್ತಾನೆ. ಇವರೆಲ್ಲರೂ ಅಖಾಡಕ್ಕಿಳಿಯುವ ಮೊದಲೇ ಸೋಲನ್ನು ಬರೆದುಕೊಟ್ಟವರು!

ಈ ರೋಗವು ಹುಟ್ಟುಗುಣವೆಂದು ಹೇಳುವವರಿಗೆ ನಮ್ಮ ನಾಡಿನ ಚರಿತ್ರೆಯೇ ಉತ್ತರ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು, ಕನ್ನಡ ಜನರು ಓದದೆಯೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಎದೆಯೆತ್ತಿ ಸಾರಿತು. ಅಂಥವರ ವಂಶದ ಎಷ್ಟೋ ಮಕ್ಕಳು ಹತ್ತೊಂಬತ್ತನೆಯ ಶತಮಾನದ ಧಾರವಾಡ ಸೀಮೆಯಲ್ಲಿ ಮರಾಠಿ ಶಾಲೆಗಳಲ್ಲಿ ಕುಳಿತು ಅಕ್ಷರ ಕಲಿತರು. ಮನೆಮಾತು ಮನೆಗಷ್ಟೇ ಸಾಕೆಂಬ ಭಾವನೆಯು ಬೇರೂರಿತು. ಜನರ ಬುದ್ಧಿಯು ಕುಂದಿತ್ತೇ? ಇಲ್ಲ, ನಂಬುಗೆಯು ಕುಂದಿತ್ತು. ಕಲಿಸಿದ ಪಾಠವನ್ನು ಮರೆಯಿಸಲೂ ಬರುತ್ತದೆ. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ಬೆಳೆಸಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. 1917ರಲ್ಲಿ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ವು ಹೊರಬಿದ್ದಿತು. ಹರಿದು ಹಂಚಿಹೋಗಿದ್ದ ನಾಡು 1956ರ ನವೆಂಬರ 1ರಂದು ಒಂದಾಯಿತು. ಕನ್ನಡದಲ್ಲಿ ಶಾಸ್ತ್ರವಿಷಯವನ್ನು ಬರೆಯಲಾಗದೆಂಬ ಪಂಡಿತರಿಗೆ, ಕಾಲೇಜನ್ನು ನಡುವೆಯೇ ಬಿಟ್ಟ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಒಬ್ಬರೇ ಬರೆದು ಉತ್ತರವಿತ್ತರು.

“ಇದರಿಂದ ಅಹಂಕಾರ ಬೆಳೆಯದೇ?” ಎಂದು ಕೆಲವರು ಕೇಳುವರು. ನೀರಿಗಿಳಿದವನಿಗೆ ಹೊಳೆಯ ಆಳವೂ ತನ್ನ ತೋಳಿನ ಅಳತೆಯೂ ತಿಳಿಯುತ್ತವೆ. ದಂಡೆಯಲ್ಲಿ ನಿಂತವನಿಗೆ ಎರಡೂ ತಿಳಿಯುವದಿಲ್ಲ. ಅಹಂಕಾರಕ್ಕೂ ಕೆಲಸವೇ ಮದ್ದು.

ಉಪಾಧ್ಯಾಯ ಬಂಧುಗಳೇ! ಹನುಮಂತನ ಕಿಷ್ಕಿಂಧೆಯು ನಮ್ಮ ತುಂಗಭದ್ರೆಯ ತೀರದ್ದೆಂದು ಅಭಿಮಾನಪಡುತ್ತೇವೆ. ಕಡಲ ದಂಡೆಯಲ್ಲಿ ಸುಮ್ಮನೆ ಕುಳಿತಿದ್ದ ಅವನಿಗೆ ಜಾಂಬವಂತನು ಹೊಸ ಬಲವನ್ನೇನು ಕೊಟ್ಟನು? ಇದ್ದ ಬಲವನ್ನು ನೆನಪಿಗೆ ತಂದನು, ಅಷ್ಟೆ. ಆ ಜಾಂಬವಂತನ ಕೆಲಸವು ಇಂದು ನಿಮ್ಮ ಪಾಲಿಗೆ ಬಂದಿದೆ. “ತಿಳಿಯಲಿಲ್ಲ, ಗುರುಗಳೇ” ಎಂದು ಎದ್ದು ನಿಂತ ಹುಡುಗನನ್ನು ನೋಡಿ ನಗಬೇಡಿರಿ. ಉಳಿದವರು ನಗಲೂ ಬಿಡಬೇಡಿರಿ. ಹಾಗೆ ಎದ್ದು ನಿಲ್ಲಬಲ್ಲವನು ನಾಳೆ ಯಾರ ಮುಂದೆಯೂ ಓದದ ಕಾಗದಕ್ಕೆ ಸಹಿ ಹಾಕಲಾರನು.