ಮಷೀನಿನ ಮೇಲೆ ತಪ್ಪು ಹೊರಿಸುವ ಮುನ್ನ

ಈ ಸಲದ ವಾರ್ಷಿಕೋತ್ಸವದಲ್ಲಿ ನಮ್ಮ ಕಾಮರ್ಸ್ ವಿಭಾಗದ ಕಿರುನಾಟಕ ನೋಡಿದವರಿಗೆ ಆ ಎದೆಬಡಿತದ ಸದ್ದು ನೆನಪಿರಬಹುದು. ಆಸ್ಪತ್ರೆಯ ಬಾಗಿಲ ಬಳಿ ತಂದೆ ಕಾಯುತ್ತಾ ಕೂತಿರುವ ದೃಶ್ಯ ಅದು. ನಾಟಕ ಮುಗಿದ ಮೇಲೆ ಎಷ್ಟೋ ಜನ "ಯಾವ ಆ್ಯಪ್‌ನಿಂದ ಹಾಕಿದಿರಿ?" ಎಂದು ಕೇಳಿದರು. ಆ್ಯಪ್ ಅಲ್ಲ, ನನ್ನ ಮಾಮು ಅವರ ಹಳೆಯ ಡ್ರಮ್ ಮಷೀನ್. ನಾಲ್ಕು ದಿನ ಮೊದಲು ಅದೇ ಮಷೀನನ್ನು "ಗುಜರಿಗೆ ಹಾಕಬೇಕು" ಎಂದು ಎಲ್ಲರ ಎದುರು ಹೇಳಿದವನು ನಾನೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಾಮು ಎಂದರೆ ಅಮ್ಮಿಯ ತಮ್ಮ. ಶಾಮಿಯಾನ, ಸೌಂಡ್ ಸರ್ವಿಸ್ ಅವರ ಕೆಲಸ. ಮೊದಲು ಒಂದು ಆರ್ಕೆಸ್ಟ್ರಾದಲ್ಲಿದ್ದರು, ಮಷೀನ್ ಆಗಿನದು. ದಪ್ಪ ಪುಸ್ತಕದಷ್ಟು ಗಾತ್ರದ ಪೆಟ್ಟಿಗೆ, ಮೇಲೆ ಬಟನ್‌ಗಳು. ಒಂದು ಒತ್ತಿದರೆ ದೊಡ್ಡ ಡ್ರಮ್, ಇನ್ನೊಂದು ಒತ್ತಿದರೆ ಸಿಂಬಲ್. ಈ ಸದ್ದುಗಳನ್ನು ಮೊದಲೇ ರೆಕಾರ್ಡ್ ಮಾಡಿ ಕಾರ್ಖಾನೆಯಲ್ಲೇ ಒಳಗೆ ತುಂಬಿರುತ್ತಾರೆ. ಅವುಗಳಿಗೆ ಸ್ಯಾಂಪಲ್ ಎನ್ನುತ್ತಾರೆ.

ರಿಹರ್ಸಲ್ ದಿನ ಅದನ್ನು ಹಾಲ್‌ನ ಮಿಕ್ಸರ್‌ಗೆ ಜೋಡಿಸಿದೆವು. ತಗಡಿನ ಡಬ್ಬಕ್ಕೆ ಚಮಚದಿಂದ ಬಡಿದಂಥ ಸದ್ದು ಬಂತು. ಸಿಂಬಲ್ ಮಾತ್ರ ಎಲ್ಲೋ ದೂರದಲ್ಲಿ ಚಿಸ್ ಚಿಸ್ ಎನ್ನುತ್ತಿತ್ತು. ನಮಗೆ ಬೇಕಾಗಿದ್ದ ದೊಡ್ಡ ಡ್ರಮ್ ಇಲ್ಲವೇ ಇಲ್ಲ. ನಾನು ಫೋನ್ ತೆಗೆದು ಎರಡು ನಿಮಿಷ ಹುಡುಕಿ ತೀರ್ಪು ಕೊಟ್ಟೆ: ಹಳೆ ಮಷೀನ್, ಕಡಿಮೆ ಬಿಟ್ ಸ್ಯಾಂಪಲ್, ಇಷ್ಟೇ ಬರುವುದು. ತಲಾ 100 ರೂಪಾಯಿ ಹಾಕಿ ಕೂಡಿಸಿದ್ದ ಹಣದಲ್ಲಿ 3,500 ಕೊಟ್ಟು ಹೊಸ ರಿದಮ್ ಪ್ಯಾಡ್ ಬಾಡಿಗೆಗೆ ತರೋಣ ಎಂದೂ ತೀರ್ಮಾನವಾಯಿತು. ಮಾಮು ಅಲ್ಲೇ ನಿಂತಿದ್ದರು. ಬೈಯಲಿಲ್ಲ. ವೈರ್ ಸುತ್ತುತ್ತಾ, "ಹೆಡ್‌ಫೋನ್ ಲಗಾಕೊ ಸುನ್ಯಾ ಕ್ಯಾ ರೇ?" ಎಂದು ಕೇಳಿದರು. ಹೆಡ್‌ಫೋನ್ ಹಾಕಿ ಕೇಳಿದೆಯಾ ಎಂದು. ನಾನು ಕೇಳಿರಲಿಲ್ಲ.

ಆ ರಾತ್ರಿ ಮನೆಯಲ್ಲಿ ಮಷೀನಿಗೆ ನೇರವಾಗಿ ಹೆಡ್‌ಫೋನ್ ಹಾಕಿಕೊಂಡೆ. ದೊಡ್ಡ ಡ್ರಮ್ ಎದೆಗೆ ಬಡಿಯಿತು. ಸ್ಯಾಂಪಲ್ ಕೆಟ್ಟಿದ್ದರೆ ಇಲ್ಲೂ ಕೆಟ್ಟಿರಬೇಕಿತ್ತಲ್ಲ! ಹಾಗಾದರೆ ತಪ್ಪು ಮಷೀನಿನ ಹೊರಗೆ ಎಲ್ಲೋ ಇದೆ.

ಮರುದಿನ ಮಾಮು ತೋರಿಸಿಕೊಟ್ಟರು. ನಾವು ಹೆಡ್‌ಫೋನ್ ಸಾಕೆಟ್‌ನಿಂದ ಒಂದೇ ಕೇಬಲ್ ಎಳೆದು ಮಿಕ್ಸರ್‌ನ ಒಂದು ಚಾನೆಲ್‌ಗೆ ಚುಚ್ಚಿದ್ದೆವು. ಆ ಕೇಬಲ್‌ನ ಪಿನ್ ಮೇಲೆ ಎರಡು ಕಪ್ಪು ಗೆರೆಗಳಿದ್ದವು, ಎಂದರೆ ಪಿನ್ ಮೂರು ಭಾಗದ್ದು. ಅದರಲ್ಲಿ ಎಡಗಡೆಯ ಸದ್ದು ಒಂದು ತಂತಿಯಲ್ಲಿ, ಬಲಗಡೆಯದು ಇನ್ನೊಂದರಲ್ಲಿ ಹೋಗುತ್ತದೆ. ಮಿಕ್ಸರ್‌ನ ಆ ಸಾಕೆಟ್ ಬ್ಯಾಲೆನ್ಸ್ಡ್. ಅದು ಎರಡು ತಂತಿಗಳನ್ನು ಕೂಡಿಸುವುದಿಲ್ಲ, ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ದಾರಿಯಲ್ಲಿ ಎರಡೂ ತಂತಿಗೆ ಸಮನಾಗಿ ಸೇರುವ ಗುಂಯ್ ಸದ್ದನ್ನು ತೆಗೆದುಹಾಕಲು ಈ ಏರ್ಪಾಡು.

ಕಾಮರ್ಸ್‌ನವರಿಗೆ ಹೀಗೆ ಹೇಳಬಹುದು. ಒಂದೇ ಖಾತೆಗೆ 5,000 ಡೆಬಿಟ್, 5,000 ಕ್ರೆಡಿಟ್ ಬಿದ್ದರೆ ಬಾಕಿ ಸೊನ್ನೆ. ಹಣ ಬಂದದ್ದು ನಿಜ, ಆದರೆ ಬಾಕಿಯಲ್ಲಿ ಕಾಣಿಸುವುದಿಲ್ಲ. ದೊಡ್ಡ ಡ್ರಮ್ಮನ್ನು ಸಾಮಾನ್ಯವಾಗಿ ನಟ್ಟನಡುವೆ ಇಟ್ಟಿರುತ್ತಾರೆ, ಎಡಕ್ಕೂ ಬಲಕ್ಕೂ ಒಂದೇ ಅಳತೆ. ಕಳೆದರೆ ಏನೂ ಉಳಿಯದು. ಸಿಂಬಲ್ ಒಂದು ಬದಿಗೆ ವಾಲಿದ್ದರಿಂದ ಅದಷ್ಟು ಬಚಾವಾಗಿತ್ತು. ಮಷೀನಿನ ಹಿಂದೆ ಲೆಫ್ಟ್, ಮೋನೋ ಎಂದು ಬರೆದ ಬೇರೆಯೇ ಸಾಕೆಟ್ ಇದೆ. ಒಂದೇ ಗೆರೆಯ ಪಿನ್ ಇರುವ ಕೇಬಲ್ 150 ರೂಪಾಯಿಗೆ ತಂದು ಅದಕ್ಕೆ ಹಾಕಿದೆವು. ಡ್ರಮ್ ಬಂತು, ಆದರೆ ಪರಪರ ಎನ್ನುತ್ತಿತ್ತು. ಮಿಕ್ಸರ್‌ನ ಕೆಂಪು ದೀಪ ಉರಿಯುತ್ತಿತ್ತು, ಗೇನ್ ಇಳಿಸಿದ ಮೇಲೆ ಅದೂ ಹೋಯಿತು.

ಹೆಡ್‌ಫೋನ್‌ನಲ್ಲೂ ಕೆಟ್ಟದಾಗಿಯೇ ಕೇಳಿಸಿದರೆ ಆಗ ಒಳಗೆ ನೋಡಬೇಕು. ಯಾರಾದರೂ ಪಿಚ್ ಬದಲಿಸಿ ಸೇವ್ ಮಾಡಿದ್ದಾರಾ, ಬೇರೆ ಕಿಟ್‌ನಲ್ಲೂ ಹಾಗೆಯೇ ಇದೆಯಾ, ಅಡಾಪ್ಟರ್ ಸರಿಯಾದದ್ದಾ. ಇದೆಲ್ಲ ಮುಗಿದ ಮೇಲೇ ಸ್ಯಾಂಪಲ್ ಮೇಲೆ ಅನುಮಾನ. ನಮ್ಮದರಲ್ಲಿ ಒಂದು ಸಿಂಬಲ್‌ನ ಸದ್ದು ಕೊನೆಯಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ನಿಲ್ಲುತ್ತದೆ. ಅದು ನಿಜವಾಗಿಯೂ ಸ್ಯಾಂಪಲ್‌ನದೇ ದೋಷ, ರಿಪೇರಿ ಇಲ್ಲ. ನಾಟಕದಲ್ಲಿ ಅದನ್ನು ಬಳಸಲಿಲ್ಲ, ಅಷ್ಟೇ.

ಇನ್ನು ನಾನು ದೊಡ್ಡದಾಗಿ ಹೇಳಿದ್ದ "ಕಡಿಮೆ ಬಿಟ್" ವಿಷಯ. ಬಿಟ್ ಎಂದರೆ ಸದ್ದಿನ ಏರಿಳಿತವನ್ನು ಎಷ್ಟು ಮೆಟ್ಟಿಲುಗಳಲ್ಲಿ ಬರೆದಿಡುತ್ತಾರೆ ಎಂಬ ಲೆಕ್ಕ. ಸಿಡಿಯಲ್ಲಿ 16 ಬಿಟ್, ಎಂದರೆ 65,536 ಮೆಟ್ಟಿಲು. ನಿಜವಾದ ಡ್ರಮ್ಮಿನ ರೆಕಾರ್ಡ್ ತುಂಬಿದ ಮೊದಲ ಮಷೀನ್, 1980ರ ಲಿನ್ ಎಲ್‌ಎಂ-1ರಲ್ಲಿ ಇದ್ದದ್ದು 8 ಬಿಟ್, ಬರೀ 256. ಆಗ ಮೆಮೊರಿ ಎಷ್ಟು ದುಬಾರಿ ಎಂದರೆ, ಬಹಳ ಹೊತ್ತು ಮೊಳಗುವ ಕ್ರ್ಯಾಶ್ ಸಿಂಬಲ್ಲೇ ಅದರಲ್ಲಿ ಇರಲಿಲ್ಲ. 1983ರ ರೋಲ್ಯಾಂಡ್ ಟಿಆರ್-909ರ ಸಿಂಬಲ್‌ಗಳು 6 ಬಿಟ್, 64 ಮೆಟ್ಟಿಲು. 1987ರ ಎಸ್‌ಪಿ-1200ರದು 12 ಬಿಟ್. ಪೈಸೆ ಬಿಟ್ಟು ರೂಪಾಯಿಗೆ ರೌಂಡ್ ಮಾಡಿದ ಲೆಕ್ಕದ ಹಾಗೆ ಇವುಗಳ ಸದ್ದು ಸ್ವಲ್ಪ ಒರಟು. ಆ ಒರಟುತನಕ್ಕೇ ಅಮೆರಿಕದ ಹಿಪ್ ಹಾಪ್, ಹೌಸ್ ಸಂಗೀತಗಾರರು ಇವನ್ನು ಪ್ರೀತಿಸಿದರು, ಈಗಲೂ ಹುಡುಕಿ ಕೊಳ್ಳುತ್ತಾರೆ. ನಾನು ನೋಡಿದ್ದು ಬಿಟ್ ಸಂಖ್ಯೆ ಮಾತ್ರ, ಸದ್ದನ್ನು ಕೇಳಿಯೇ ಇರಲಿಲ್ಲ.

ಅಕೌಂಟೆನ್ಸಿ ಕ್ಲಾಸ್‌ನಲ್ಲಿ ಟ್ರಯಲ್ ಬ್ಯಾಲೆನ್ಸ್ ಕೂಡಲಿಲ್ಲ ಎಂದರೆ ನಾವು ಲೆಡ್ಜರ್ ಹರಿದು ಹಾಕುವುದಿಲ್ಲ. ಕೂಡಿಸಿದ್ದು ಸರಿಯಾ ನೋಡುತ್ತೇವೆ, ಆಮೇಲೆ ಪೋಸ್ಟಿಂಗ್, ಆಮೇಲೆ ಜರ್ನಲ್, ಹೀಗೆ ಹಿಂದೆ ಹಿಂದೆ ಹೋಗುತ್ತೇವೆ. ಕ್ಲಾಸ್ ಬಿಟ್ಟು ಹೊರಗೆ ಬಂದರೆ ಅದೆಲ್ಲ ಮರೆತುಹೋಗುತ್ತದೆ. ನಮ್ಮ ಸ್ಟೋರ್ ರೂಮ್‌ನಲ್ಲಿ "ಕೆಟ್ಟಿದೆ" ಎಂದು ಚೀಟಿ ಅಂಟಿಸಿದ ಎರಡು ಮೈಕ್, ಒಂದು ಸ್ಪೀಕರ್ ಇವೆ. ಯಾರು ಅಂಟಿಸಿದರು, ಏನು ನೋಡಿ ಅಂಟಿಸಿದರು, ಚೀಟಿಯಲ್ಲಿ ಇಲ್ಲ. ಹೊಸದಕ್ಕೆ ಕೊಟೇಶನ್ ತರಿಸುವ ಮೊದಲು ಒಂದು ಶನಿವಾರ ಅವನ್ನು ಬೇರೆ ಕೇಬಲ್ ಹಾಕಿ ನೋಡೋಣ ಎಂಬುದು ನನ್ನ ಸಲಹೆ. ಸರ್ ಒಪ್ಪಿದರೆ ಮಾಮು ಬರುತ್ತಾರೆ, ನಾನು ಕೇಳಿದ್ದೇನೆ.

ವಾರ್ಷಿಕೋತ್ಸವದ ರಾತ್ರಿ ಅವರ ಸ್ಕೂಟರ್ ಹಿಂದೆ ಕೂತು ಮನೆಗೆ ಹೋಗುವಾಗ "ಮಾಫ್ ಕರೋ ಮಾಮು, ಆ ದಿನ ಎಲ್ಲರ ಮುಂದೆ ಹಾಗೆ ಅನ್ನಬಾರದಿತ್ತು" ಎಂದೆ. ಗಾಳಿಯಲ್ಲಿ ಕೇಳಿಸಿತೋ ಇಲ್ಲವೋ. ಸ್ವಲ್ಪ ದೂರ ಹೋದ ಮೇಲೆ, ಹೊಸ ಕೇಬಲ್ಲನ್ನು ಹಾಲ್‌ನಲ್ಲೇ ಬಿಟ್ಟು ಬಂದೆಯಾ ಎಂದು ಕೇಳಿದರು. ಬ್ಯಾಗಿನಲ್ಲಿ ಕೈ ಹಾಕಿ ನೋಡಿದೆ. ಇತ್ತು.