ನಾಯಕಿಗೆ ಅಮ್ಮನಾಗಿ ಬಡ್ತಿ

1986ರಲ್ಲಿ ‘ಆನಂದ್’ ತೆರೆಗೆ ಬಂದಾಗ ಇಬ್ಬರು ಹೊಸಬರು ಕನ್ನಡಿಗರ ಮನೆಮಾತಾದರು. ಒಬ್ಬರು ಶಿವರಾಜ್‌ಕುಮಾರ್, ಇನ್ನೊಬ್ಬರು ಸುಧಾರಾಣಿ. ನಾಯಕನಿಗಿಂತ ನಾಯಕಿ ಹತ್ತು ವರ್ಷಕ್ಕೂ ಹೆಚ್ಚು ಚಿಕ್ಕವರು. ಈಗ 2024ಕ್ಕೆ ಬನ್ನಿ. ಮಾರ್ಚ್‌ನಲ್ಲಿ ಬಂದ ‘ಯುವ’ ಚಿತ್ರದಲ್ಲಿ ಸುಧಾರಾಣಿ ನಾಯಕನ ತಾಯಿ. ಆ ನಾಯಕ ಯುವ ರಾಜ್‌ಕುಮಾರ್ ಬೇರೆ ಯಾರೂ ಅಲ್ಲ, ಶಿವರಾಜ್‌ಕುಮಾರ್ ಅವರ ತಮ್ಮನ ಮಗ. ಅದೇ ವರ್ಷ ನವೆಂಬರ್‌ನಲ್ಲಿ ‘ಭೈರತಿ ರಣಗಲ್’ ಬಂತು. ಅರವತ್ತು ದಾಟಿದ ಶಿವರಾಜ್‌ಕುಮಾರ್ ಅದರಲ್ಲೂ ನಾಯಕರೇ. ನಾಯಕಿ ರುಕ್ಮಿಣಿ ವಸಂತ್‌ ಅವರಿಗೆ ಮೂವತ್ತು ಕೂಡ ತುಂಬಿರಲಿಲ್ಲ. ಒಟ್ಟಿಗೆ ಹೊರಟ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ವಯಸ್ಸಾಗಿದೆ. ವಿಚಿತ್ರವೆಂದರೆ, ಆದದ್ದು ಚಿಕ್ಕವರಿಗೆ.

ಇದು ಶಿವಣ್ಣನ ಮೇಲಿನ ದೂರಲ್ಲ. ಅರವತ್ತರ ಮೇಲೂ ಕುಣಿಯುವ, ಹೊಡೆದಾಡುವ ಹುರುಪು ಇದ್ದರೆ ಮಾಡಲಿ, ನೋಡಲು ನಾವಿದ್ದೇವೆ. ಪ್ರಶ್ನೆ ಇರುವುದು ಆ ಹುರುಪು ಹೆಂಗಸಿಗೂ ಇರಬಹುದೆಂದು ನಮ್ಮ ಚಿತ್ರಕತೆಗಳಿಗೆ ಏಕೆ ಹೊಳೆಯುವುದಿಲ್ಲ ಎಂಬುದರ ಬಗ್ಗೆ.

ಈ ಲೆಕ್ಕಾಚಾರ ಇಂದಿನದೂ ಅಲ್ಲ. ಭಟ್ಕಳದಲ್ಲಿ ಹುಟ್ಟಿದ ಪಂಢರಿಬಾಯಿ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರಿಗೆ ನಾಯಕಿ. ಇಬ್ಬರ ನಡುವಿನ ವಯಸ್ಸಿನ ಅಂತರ ಏಳು ತಿಂಗಳು, ಪಂಢರಿಬಾಯಿ ದೊಡ್ಡವರು. 1986ರ ‘ಅನುರಾಗ ಅರಳಿತು’ ಹೊತ್ತಿಗೆ ಅವರೇ ರಾಜ್‌ಕುಮಾರ್ ಅವರ ತಾಯಿ, ಅದೂ ಹಾಸಿಗೆ ಹಿಡಿದ ತಾಯಿ. ನಾಯಕಿ ಮಾಧವಿ ಹುಟ್ಟಿದ್ದು ‘ಬೇಡರ ಕಣ್ಣಪ್ಪ’ ಬಂದು ಎಂಟು ವರ್ಷಗಳಾದ ಮೇಲೆ. ಈ ಕತೆ ತಮಿಳಿಗೆ ‘ಮನ್ನನ್’ ಆಗಿ ಹೋದಾಗ ರಜನಿಕಾಂತ್‌ಗೂ ಪಂಢರಿಬಾಯಿಯೇ ಅಮ್ಮ. ಅದಕ್ಕೂ ಮೊದಲು, 1969ರ ‘ಅಡಿಮೈ ಪೆಣ್’ನಲ್ಲಿ ಅವರು ಎಂ.ಜಿ.ಆರ್‌ಗೆ ತಾಯಿಯಾಗಿದ್ದರು. ಎಂ.ಜಿ.ಆರ್ ಪಂಢರಿಬಾಯಿಗಿಂತ ಹನ್ನೊಂದು ವರ್ಷ ದೊಡ್ಡವರು! ಏಳು ತಿಂಗಳು ಚಿಕ್ಕವನು, ಇಪ್ಪತ್ತೆರಡು ವರ್ಷ ಚಿಕ್ಕವನು, ಹನ್ನೊಂದು ವರ್ಷ ದೊಡ್ಡವನು: ಮೂವರಿಗೂ ಒಬ್ಬಳೇ ತಾಯಿ. ಮಗನ ವಯಸ್ಸು ಎಷ್ಟಾದರೂ ಇರಲಿ, ತಾಯಿ ನರೆಗೂದಲು ಅಂಟಿಸಿಕೊಂಡು ಸಿದ್ಧಳಿರಬೇಕು.

‘ಗಂಡಸರಿಗೂ ಹೀಗೆ ಆಗುತ್ತದಲ್ಲ, ಕೆ.ಎಸ್. ಅಶ್ವಥ್ ರಾಜ್‌ಕುಮಾರ್‌ಗಿಂತ ನಾಲ್ಕೇ ವರ್ಷ ದೊಡ್ಡವರು, ಅವರೂ ತಂದೆ-ಹಿರಿಯರ ಪಾತ್ರಗಳಲ್ಲೇ ಜೀವ ಸವೆಸಿದರು’ ಎಂದು ಯಾರಾದರೂ ಹೇಳಬಹುದು. ನ್ಯಾಯವಾದ ಮಾತು. ಆದರೆ ಆ ಹಿರಿಯರಿಗೆ ಸಿಕ್ಕಿದ್ದೇನು ಎಂಬುದನ್ನೂ ನೋಡಿ. 1972ರ ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರಿಗೆ ಒಂದು ಶಾಲೆಯಿದೆ, ಊರಿನಲ್ಲಿ ಮರ್ಯಾದೆಯಿದೆ, ನಂಬಿದ ಒಂದು ನೀತಿಯಿದೆ. ಆ ನೀತಿಯ ಭರದಲ್ಲೇ ಅವರು ತಪ್ಪು ಮಾಡುತ್ತಾರೆ, ಶಿಷ್ಯ ರಾಮಾಚಾರಿಯ ಬದುಕು ದಿಕ್ಕು ತಪ್ಪುವುದು ಆ ತಪ್ಪಿನಿಂದ. ಅಂದರೆ ವಯಸ್ಸಾದ ಗಂಡಸು ಕತೆಯನ್ನು ತಿರುಗಿಸಬಲ್ಲ. ಅದೇ ಮನೆಯಲ್ಲಿ ಮೇಷ್ಟ್ರ ಹೆಂಡತಿ ತುಂಗಾ ಇದ್ದಾಳೆ. ಆ ಪಾತ್ರ ಮಾಡಿದ ಲೀಲಾವತಿ ಅವರಿಗೆ ಆಗ ಮೂವತ್ತೈದರ ಆಸುಪಾಸು, ಕೆಲವೇ ವರ್ಷಗಳ ಹಿಂದೆ ರಾಜ್‌ಕುಮಾರ್‌ಗೆ ನಾಯಕಿಯಾಗಿದ್ದವರು. ತುಂಗಾ ರಾಮಾಚಾರಿಗೆ ಪ್ರೀತಿ ಕೊಡುತ್ತಾಳೆ, ಊಟ ಬಡಿಸುತ್ತಾಳೆ, ಅವನಿಗಾಗಿ ಮರುಗುತ್ತಾಳೆ. ಅವಳು ತಪ್ಪು ಮಾಡುವುದಿಲ್ಲ. ಮಾಡಲು ಅವಳಿಗೆ ಅವಕಾಶವೇ ಇಲ್ಲ.

ಅವಕಾಶ ಸಿಕ್ಕವಳೊಬ್ಬಳು ಮರುವರ್ಷವೇ ಬಂದಳು, ಪುಟ್ಟಣ್ಣ ಕಣಗಾಲ್ ಅವರ ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರದ ಮಾಧವಿ. ಯೌವನ ಜಾರುತ್ತಿರುವ, ಗಂಡನ ಸುಖವಿಲ್ಲದ ಹೆಂಗಸಿಗೂ ಮೈಮನಸ್ಸು ಇರುತ್ತದೆ ಎಂದು ಒಪ್ಪಿಕೊಂಡ ಅಪರೂಪದ ಕನ್ನಡ ಚಿತ್ರ ಅದು. ಜಯಂತಿ ಆ ಪಾತ್ರವನ್ನು ಎಲ್ಲೂ ಅಗ್ಗವಾಗಗೊಡಲಿಲ್ಲ. ಆದರೂ ಕತೆ ಅವಳಿಗೆ ಕೊಟ್ಟ ಬಾಗಿಲುಗಳು ಎರಡೇ: ಪಶ್ಚಾತ್ತಾಪ, ಸಾವು.

ಸಿನಿಮಾದಿಂದ ಕಿರುತೆರೆಗೆ ಬಂದರೆ ವಿಷಯ ಇನ್ನೂ ಸೋಜಿಗದ್ದು. ಟಿವಿ ನಿಂತಿರುವುದೇ ಹೆಂಗಸರ ಮೇಲೆ. ಚಾನೆಲ್‌ನವರು ಜೀವ ಕೈಯಲ್ಲಿ ಹಿಡಿದು ಕಾಯುವ ಟಿಆರ್‌ಪಿ ಹುಟ್ಟುವ ಬಗೆಯನ್ನು ಒಮ್ಮೆ ನೋಡಿ. ಬಾರ್ಕ್ ಸಂಸ್ಥೆ ದೇಶದ ಆಯ್ದ ಸಾವಿರಾರು ಮನೆಗಳ ಟಿವಿಗೆ ಮೀಟರ್ ಕೂರಿಸಿದೆ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಬಟನ್. ಟಿವಿ ಮುಂದೆ ಕೂತಾಗ ನಿಮ್ಮ ಬಟನ್ ಒತ್ತಬೇಕು, ಎದ್ದು ಹೋಗುವಾಗ ಮತ್ತೆ ಒತ್ತಬೇಕು. ಆ ಬಟನ್ ಹಿಂದೆ ನಿಮ್ಮ ಲಿಂಗ, ನಿಮ್ಮ ವಯಸ್ಸು ಬರೆದಿರುತ್ತದೆ. ಯಾವ ಊರಿನ ಎಷ್ಟು ವಯಸ್ಸಿನ ಹೆಂಗಸು ಯಾವ ದೃಶ್ಯ ಬಂದಾಗ ಚಾನೆಲ್ ಬದಲಿಸಿದಳು ಎಂಬ ಮಾಹಿತಿ ಲೆಕ್ಕಕ್ಕೆ ಸೇರುತ್ತದೆ. ಗುರುವಾರ ಗುರುವಾರ ಅಂಕಪಟ್ಟಿ ಬರುತ್ತದೆ, ಅದರ ಮೇಲೆ ಜಾಹೀರಾತಿನ ದರ, ಅದರ ಮೇಲೆ ಧಾರಾವಾಹಿಯ ಹಣೆಬರಹ. ನಮ್ಮ ಮಾಧ್ಯಮದಲ್ಲಿ ಹೆಂಗಸಿನ ವಯಸ್ಸನ್ನು ನಿಜವಾಗಿ ಎಣಿಸುವ ಜಾಗವೊಂದಿದ್ದರೆ ಅದು ಈ ಮೀಟರ್. ಅಲ್ಲಿ ಅವಳು ಗಿರಾಕಿ, ಹಾಗಾಗಿ ಲೆಕ್ಕ ಪಕ್ಕಾ.

ಆದರೆ ತೆರೆಯ ಮೇಲೆ ಆಕೆಗೆ ಸಿಗುವ ತನ್ನ ವಯಸ್ಸಿನವರು ಯಾರು? ಒಂದು, ಕಣ್ಣೀರು ಹಾಕುವ ತಾಯಿ. ಎರಡು, ಸಂಚು ಹೂಡುವ ಅತ್ತೆ. ಈ ಎರಡನೆಯವಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬೆಳಗಿನ ಕಾಫಿ ಹೊತ್ತಿಗೇ ರೇಷ್ಮೆ ಸೀರೆ, ಕತ್ತಿನ ತುಂಬ ಒಡವೆ, ಹೆಗಲು ದಾಟದಂತೆ ಕತ್ತರಿಸಿದ ಕೂದಲು. ಸೊಸೆ ಒಂದು ಮಾತಾಡಿದರೆ ಕ್ಯಾಮೆರಾ ಇವಳ ಮುಖಕ್ಕೆ ಮೂರು ಸಲ ನುಗ್ಗುತ್ತದೆ, ಜತೆಗೆ ಗುಡುಗಿನ ಸದ್ದು. ಕೋಟಿಗಟ್ಟಲೆ ಆಸ್ತಿಯಿರುವ ಮನೆ, ಓದಿದ ಹೆಂಗಸು. ದಿನವಿಡೀ ಅವಳು ಮಾಡುವ ಕೆಲಸವೆಂದರೆ ಹಾಲಿನ ಲೋಟಕ್ಕೆ ಏನನ್ನೋ ಬೆರೆಸುವುದು. ಒಂದು ಪುಸ್ತಕ ಹಿಡಿದದ್ದು, ಬ್ಯಾಂಕಿಗೆ ಹೋದದ್ದು, ಗೆಳತಿಯ ಜೊತೆ ನಕ್ಕದ್ದು, ಮಂಡಿನೋವಿಗೆ ಎಣ್ಣೆ ತಿಕ್ಕಿಕೊಂಡದ್ದು ಯಾವ ಸಂಚಿಕೆಯಲ್ಲೂ ಇಲ್ಲ.

‘ಜನ ನೋಡೋದೇ ಅದನ್ನ ಸರ್’ ಎಂಬುದು ಚಾನೆಲ್‌ಗಳ ಸಿದ್ಧ ಉತ್ತರ. ಈ ಉತ್ತರ ಸುಳ್ಳೆಂದು ಅವರದೇ ಅಂಕಪಟ್ಟಿ ತೋರಿಸಿಕೊಟ್ಟಿದೆ. 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಕೇಂದ್ರದಲ್ಲಿದ್ದವರು ಅರವತ್ತು ದಾಟಿದ ಉಮಾಶ್ರೀ. ಗಂಡು ಮಗು ಹೆರಲಿಲ್ಲವೆಂದು ಗಂಡ ಕೈಬಿಟ್ಟ ಹೆಂಗಸು ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಕತೆ. ಅದು ಬಹುಕಾಲ ಟಿಆರ್‌ಪಿ ಪಟ್ಟಿಯ ತುದಿಯಲ್ಲಿ ಕೂತಿತ್ತು. ಬೆಲೆಬಾಳುವ ಸೀರೆಯಿಲ್ಲ, ಬಳುಕುವ ನಡುವಿಲ್ಲ, ಆದರೂ ಜನ ನೋಡಿದರು. ಅಡುಗೆ ಮಾಡಿ ಹಣ ಎಣಿಸುವ ಹೆಂಗಸು ತಮ್ಮ ಮನೆಯವಳೇ ಅನ್ನಿಸಿದ್ದರಿಂದ ನೋಡಿದರು. ಹಾಗೆಂದು ಪುಟ್ಟಕ್ಕನಿಗೂ ತನ್ನದೆಂಬುದು ಹೆಚ್ಚೇನೂ ಇಲ್ಲ, ಹೆಸರಿನ ಜೊತೆಗೇ ಮಕ್ಕಳು ಅಂಟಿಕೊಂಡಿದ್ದಾರೆ. ಆದರೂ ಒಂದು ಬಾಗಿಲು ತೆರೆಯಿತು.

ಇನ್ನೊಂದು ಬಾಗಿಲು ತೆರೆದದ್ದು ಅದೇ ಚಾನೆಲ್‌ನ ‘ಶ್ರೀರಸ್ತು ಶುಭಮಸ್ತು’. 2022ರಲ್ಲಿ ಶುರುವಾದ ಇದರಲ್ಲಿ ಸುಧಾರಾಣಿಯದು ತುಳಸಿಯ ಪಾತ್ರ. ಗಂಡ ತೀರಿಕೊಂಡು, ಮಗನಿಗೆ ಮದುವೆಯಾಗಿ, ಸೊಸೆ ಬಂದ ಮೇಲೆ ಈ ಹೆಂಗಸು ಮಾಧವ ಎಂಬುವವನ ಕೈಹಿಡಿಯುತ್ತಾಳೆ. ಮರುಮದುವೆಯ ತನಕ ಪ್ರೇಕ್ಷಕರು ಜೊತೆಗೆ ನಡೆದರು. ಮುಂದೆ ತುಳಸಿ ಗರ್ಭಿಣಿಯಾದಾಗ ಮಾತ್ರ ‘ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ’ ಎಂದು ಜಾಲತಾಣಗಳಲ್ಲಿ ಗೇಲಿ ಎದ್ದಿತು. ಇದೇ ಕನ್ನಡದ ಮನೆಗಳು 2019ರಲ್ಲಿ ‘ಜೊತೆ ಜೊತೆಯಲಿ’ಯ ಆರ್ಯವರ್ಧನ್‌ನನ್ನು ತಲೆಯ ಮೇಲೆ ಹೊತ್ತು ಮೆರೆಸಿದ್ದವು. ಅವನಿಗೆ ನಲವತ್ತೈದು, ಅನು ಸಿರಿಮನೆಗೆ ಅದರ ಅರ್ಧದಷ್ಟು. ಅವನ ನರೆತ ಕೂದಲೇ ಆಕರ್ಷಣೆಯಾಯಿತು. ಗಂಡಿನ ನರೆಗೆ ಒಂದು ಗತ್ತು, ಹೆಣ್ಣಿನ ಬಸಿರಿಗೆ ಒಂದು ನಗೆ. ಹಾಗಾಗಿ ಬರೆಯುವವರನ್ನು ಮಾತ್ರ ದೂರಿದರೆ ಪಾಪ ತೀರುವುದಿಲ್ಲ, ನೋಡುವ ನಮ್ಮ ಪಾಲೂ ಇದೆ.

ಕತೆ ಕಟ್ಟುವವರು ಬಿಡಿ, ಸುದ್ದಿ ಬರೆಯುವ ನಾವೂ ಇದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತೇವೆ. ಸಾಲುಮರದ ತಿಮ್ಮಕ್ಕನ ಬಗ್ಗೆ ಬಂದ ಬರಹಗಳನ್ನು ತೆಗೆದು ನೋಡಿ. ಬಹುಪಾಲು ಶುರುವಾಗುವುದು ಒಂದೇ ರೀತಿ: ಮಕ್ಕಳಿಲ್ಲದ ಕೊರಗನ್ನು ಮರೆಯಲು ಮರಗಳನ್ನೇ ಮಕ್ಕಳೆಂದು ಸಾಕಿದ ತಾಯಿ. ತಿಮ್ಮಕ್ಕ ಕೂಡ ಹಾಗೆ ಹೇಳಿಕೊಂಡದ್ದುಂಟು, ಅದು ಅವರ ಹಕ್ಕು. ಆದರೆ ವರದಿಗಾರ ಅಲ್ಲಿಗೇ ಪೆನ್ನು ಮುಚ್ಚುವುದು ಏಕೆ? ಹುಲಿಕಲ್ಲಿನಿಂದ ಕುದೂರಿನ ಕಡೆಯ ರಸ್ತೆಯಲ್ಲಿ ಆ ದಂಪತಿ ಮೊದಲ ವರ್ಷ ನೆಟ್ಟದ್ದು ಹತ್ತು ಆಲದ ಸಸಿ, ಮರುವರ್ಷ ಹದಿನೈದು, ಆಮೇಲೆ ಇಪ್ಪತ್ತು. ಬೇರು ಹಿಡಿಯಲೆಂದು ಮಳೆಗಾಲ ನೋಡಿ ನೆಟ್ಟರು. ದನ ತಿನ್ನದಂತೆ ಮುಳ್ಳಿನ ಬೇಲಿ ಕಟ್ಟಿದರು. ಕೂಲಿ ಮುಗಿಸಿ ಬಂದು ಕೊಡಗಳಲ್ಲಿ ನೀರು ಹೊತ್ತು ಮೈಲಿಗಟ್ಟಲೆ ನಡೆದರು. ಇದು ಬೇಸಾಯದ ಜ್ಞಾನ, ವರ್ಷದಿಂದ ವರ್ಷಕ್ಕೆ ಹೂಡಿದ ಯೋಜನೆ, ರಟ್ಟೆಯ ದುಡಿಮೆ. ಜೊತೆಗೆ ನೀರು ಹೊತ್ತ ಗಂಡ ಚಿಕ್ಕಯ್ಯನಿಗೂ ಮಕ್ಕಳಿರಲಿಲ್ಲ. ಆತ ಆ ಕೊರಗಿಗೇ ಮರ ಬೆಳೆಸಿದ ಎಂದು ಯಾವ ತಲೆಬರಹವೂ ಹೇಳಲಿಲ್ಲ. 2019ರಲ್ಲಿ ತಿಮ್ಮಕ್ಕ ತಮಗೆ ಪದ್ಮಶ್ರೀ ಕೊಟ್ಟ ರಾಷ್ಟ್ರಪತಿಯ ಹಣೆ ಮುಟ್ಟಿ ಹರಸಿದ ಚಿತ್ರ ದೇಶವೆಲ್ಲ ಓಡಾಡಿತು, ಅಲ್ಲೂ ಎಲ್ಲರಿಗೂ ಕಂಡದ್ದು ಅಜ್ಜಿ. ದೇಶದ ಬಹುದೊಡ್ಡ ವೃಕ್ಷ ಕೃಷಿಕರಲ್ಲಿ ಒಬ್ಬಳು ಯಾರಿಗೂ ಕಾಣಲಿಲ್ಲ.

ಹೀಗೆ ನೋಡಿದರೆ ಸಿನಿಮಾದ ಅಮ್ಮ, ಧಾರಾವಾಹಿಯ ಅತ್ತೆ, ಪತ್ರಿಕೆಯ ಅಜ್ಜಿ, ಮೂವರದೂ ಒಂದೇ ಪಾಡು. ವಯಸ್ಸಾದಂತೆ ಗಂಡಸಿಗೆ ಕಸುಬು, ಅಧಿಕಾರ, ಪ್ರೇಮ, ತಪ್ಪು ಎಲ್ಲವೂ ಉಳಿಯುತ್ತವೆ. ಹೆಂಗಸಿಗೆ ಉಳಿಯುವುದು ನಂಟು ಮಾತ್ರ: ಯಾರ ತಾಯಿ, ಯಾರ ಅತ್ತೆ, ಯಾರಿಗೆ ಅಜ್ಜಿ. ಇದು ಬರೀ ನಟಿಯರ ಸಂಬಳದ ಪ್ರಶ್ನೆಯಲ್ಲ. ಸಂಜೆ ಏಳರಿಂದ ರಾತ್ರಿ ಹತ್ತರವರೆಗೆ ಟಿವಿ ಮುಂದೆ ಕೂರುವ ಐವತ್ತೈದರ ಹೆಂಗಸಿಗೆ ದಿನದಿನವೂ ಸಿಗುತ್ತಿರುವ ಪಾಠವೆಂದರೆ, ನಿನಗಾಗಿ ನೀನು ಏನಾದರೂ ಬಯಸಿದರೆ ಒಂದೋ ಖಳನಾಯಕಿಯಾಗುತ್ತೀ, ಇಲ್ಲವೇ ನಗೆಪಾಟಲಾಗುತ್ತೀ ಎಂಬುದು. ಪಕ್ಕದಲ್ಲೇ ಕೂತ ಮಗ ಕಲಿಯುವುದೂ ಅದನ್ನೇ.

ಕನ್ನಡಕ್ಕೆ ಇದಕ್ಕಿಂತ ಚೆನ್ನಾಗಿ ಬರೆಯಲು ಬರುವುದಿಲ್ಲವೇ? ಧಾರಾಳ ಬರುತ್ತದೆ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತ, ಬೈಯುತ್ತ, ಹಲುಬುತ್ತ ಇಡೀ ಕತೆಯನ್ನು ಎಳೆದುಕೊಂಡು ಹೋಗುವ ಮುದುಕಿ. ರಂಗದ ಮೇಲೆ ಆ ಸಾಕವ್ವನಾಗಿ ಹೆಸರು ಮಾಡಿದವರು ಆಗಿನ್ನೂ ಎಳೆಯ ವಯಸ್ಸಿನ ಉಮಾಶ್ರೀ. ಮುಂದೆ ಅವರಿಗೆ ರಾಷ್ಟ್ರಪ್ರಶಸ್ತಿ ತಂದ, ವೈದೇಹಿಯವರ ಕತೆಯನ್ನಾಧರಿಸಿದ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸು’ ಚಿತ್ರದ ಗುಲಾಬಿ ಗಂಡ ಬಿಟ್ಟ ಸೂಲಗಿತ್ತಿ. ಅವಳಿಗೊಂದು ಹುಚ್ಚಿದೆ, ಸಿನಿಮಾ. ಯಾರಿಗೋಸ್ಕರವೂ ಅಲ್ಲ, ತನ್ನ ಖುಷಿಗೆ ನೋಡುತ್ತಾಳೆ. ಇಬ್ಬರೂ ಸಾಧ್ವಿಯರಲ್ಲ, ಖಳರೂ ಅಲ್ಲ.

ಧಾರಾವಾಹಿ ಬರೆಯುವ ಮಿತ್ರರು ಪ್ರತಿ ಹಿರಿಯ ಹೆಂಗಸಿನ ಪಾತ್ರಕ್ಕೂ ಒಂದು ಪ್ರಶ್ನೆ ಹಾಕಿ ನೋಡಲಿ: ಮಗ, ಸೊಸೆ, ಗಂಡ ಯಾರೂ ಮನೆಯಲ್ಲಿಲ್ಲದ ಮಧ್ಯಾಹ್ನ ಈಕೆ ಏನು ಮಾಡುತ್ತಾಳೆ? ಗುಲಾಬಿಯ ಬಗ್ಗೆ, ಸಾಕವ್ವನ ಬಗ್ಗೆ ಥಟ್ಟನೆ ಉತ್ತರ ಹೇಳಬಹುದು. ನಿಮ್ಮ ಪಾತ್ರದ ಬಗ್ಗೆ ಉತ್ತರ ಹೊಳೆಯದಿದ್ದರೆ ಕೊರತೆ ಇರುವುದು ಆಕೆಯ ವಯಸ್ಸಿನಲ್ಲಲ್ಲ, ನಿಮ್ಮ ಬರವಣಿಗೆಯಲ್ಲಿ.