ಕೆರೆಗೆ ಸೊಸೆ ಬೇಕಿರಲಿಲ್ಲ

ಕೆರೆಯಲ್ಲಿ ನೀರು ನಿಲ್ಲದಿದ್ದರೆ ಏನು ಮಾಡಬೇಕು? ಏರಿ ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಬೇಕು. ನೀರು ಬರುವ ಕಾಲುವೆ ಕಟ್ಟಿಕೊಂಡಿದೆಯೇ ಎಂದು ನೋಡಬೇಕು. ತಳದ ಮಣ್ಣು ಮರಳೋ ಜೇಡಿಯೋ ಎಂದು ನೋಡಬೇಕು. ನಮ್ಮ ಕತೆಗಳಲ್ಲಿ ಮಾತ್ರ ಯಾರೂ ಇದಾವುದನ್ನೂ ನೋಡುವುದಿಲ್ಲ. ನೇರವಾಗಿ ಜೋಯಿಸರ ಮನೆಗೆ ಹೋಗುತ್ತಾರೆ. ಅವರು ಹೊತ್ತಗೆ ತೆಗೆದು ನೋಡಿ, ಮನೆಯ ಸೊಸೆಯೊಬ್ಬಳನ್ನು ಕೊಡಬೇಕು ಎನ್ನುತ್ತಾರೆ. ಕೊಡುತ್ತಾರೆ. ನೀರು ಬರುತ್ತದೆ. ಆಮೇಲೆ ಊರವರೆಲ್ಲ ಸೇರಿ ಅವಳನ್ನು ದೇವಿಯನ್ನಾಗಿ ಮಾಡುತ್ತಾರೆ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಳೆದ ದಸರಾ ರಜೆಯಲ್ಲಿ ನಾವು ಮೂವರು ಸಹೋದ್ಯೋಗಿಗಳು ಕೊಡಗಿನ ಹೊನ್ನಮ್ಮನ ಕೆರೆ ನೋಡಲು ಹೋಗಿದ್ದೆವು. ಸೋಮವಾರಪೇಟೆಯಿಂದ 6-7 ಕಿ.ಮೀ. ದೂರದಲ್ಲಿ ದೊಡ್ಡಮಳ್ತೆಯ ಬಳಿ ಇದೆ. ಕೊಡಗಿನ ಕೆರೆಗಳಲ್ಲಿ ಇದೇ ದೊಡ್ಡದೆಂದು ಹೇಳುತ್ತಾರೆ. ಬಯಲುಸೀಮೆಯ ಕೆರೆಗಳನ್ನು ಕಂಡ ಕಣ್ಣಿಗೆ ಅದು ಸಣ್ಣ ಕೆರೆಯೇ. ಸುತ್ತ ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಕಾಫಿ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಭತ್ತದ ಗದ್ದೆ. ಒಂದು ಕಡೆ ಗವಿಗಳಿರುವ ಬೆಟ್ಟ. ಕಾಫಿ ಕಾಯಿ ಇನ್ನೂ ಹಸಿರಾಗಿತ್ತು. ನೀರು ತುಂಬಿ ನಿಂತಿತ್ತು. ದಂಡೆಯಲ್ಲಿ ಹೊನ್ನಮ್ಮನ ಗುಡಿ. ಗೌರಿ ಹಬ್ಬದ ದಿನ ಹೆಂಗಸರು ಇಲ್ಲಿ ಸೇರಿ ಕೆರೆಗೆ ಬಾಗಿನ ಬಿಡುತ್ತಾರೆ. ಒಂದು ಮೊರದ ತುಂಡು ಇನ್ನೂ ಅಂಚಿನ ಜೊಂಡಿನಲ್ಲಿ ಸಿಕ್ಕಿಕೊಂಡಿತ್ತು.

ಹೊನ್ನಮ್ಮ ಯಾರು? ಕೆರೆಯಲ್ಲಿ ನೀರು ನಿಲ್ಲಲೆಂದು, ಊರು ಬದುಕಲೆಂದು ಪ್ರಾಣ ಕೊಟ್ಟವಳು ಎನ್ನುತ್ತಾರೆ. ವಿವರಗಳನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ನನ್ನ ಜೊತೆಗಿದ್ದ ಒಬ್ಬರು ಕೈಮುಗಿದು, "ಎಂಥ ತ್ಯಾಗ ನೋಡಿ! ಈಗಿನ ಕಾಲದವರಿಗೆ ಇದೆಲ್ಲ ಎಲ್ಲಿ ಬರಬೇಕು" ಎಂದರು. ಅಲ್ಲೇ ಸೌದೆ ಹೊರೆ ಇಳಿಸಿ ಕೂತಿದ್ದ ಅಜ್ಜಿಯೊಬ್ಬರನ್ನು ನಾನು ಕೇಳಿದೆ, "ಅಜ್ಜಿ, ಹೊನ್ನಮ್ಮ ತಾನಾಗಿಯೇ ಹೋದಳೋ, ಕಳಿಸಿದರೋ?" ಅಜ್ಜಿ ನನ್ನ ಮುಖವನ್ನೊಮ್ಮೆ ನೋಡಿ, "ಕಳಿಸದೆ ಯಾರಮ್ಮ ಹೋಗ್ತಾರೆ ಟೀಚರಮ್ಮ?" ಎಂದರು. ಬಿ.ಎ., ಬಿ.ಎಡ್. ಓದಿದ ನಮ್ಮ ಗುಂಪಿಗಿಂತ ಆ ಅಜ್ಜಿಗೆ ಕತೆ ಸರಿಯಾಗಿ ಅರ್ಥವಾಗಿತ್ತು.

ಇದೇ ಬಗೆಯ ಕತೆ ಉತ್ತರ ಕರ್ನಾಟಕದ 'ಕೆರೆಗೆ ಹಾರ' ಎಂಬ ಜನಪದ ಹಾಡಿನಲ್ಲಿದೆ. ಶಾಲೆಯ ಪಾಠವಾಗಿ ಅದನ್ನು ಓದಿದವರು ನಿಮ್ಮಲ್ಲೂ ಇದ್ದಾರೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಹನಿ ನೀರು ಬರುವುದಿಲ್ಲ. ಕಿರಿಸೊಸೆ ಭಾಗೀರಥಿಯನ್ನು ಕೊಡುವುದೆಂದು ತೀರ್ಮಾನವಾಗುತ್ತದೆ. ಪಾಠ ಮುಗಿದ ಮೇಲೆ ಪ್ರಶ್ನೆ ಏನು? 'ಭಾಗೀರಥಿಯ ತ್ಯಾಗವನ್ನು ವಿವರಿಸಿರಿ' ಎನ್ನುವ ಧಾಟಿಯದು. ನನ್ನ ತಕರಾರು ಇರುವುದು ಹಾಡಿನ ಮೇಲಲ್ಲ, ಈ ಪ್ರಶ್ನೆಯ ಮೇಲೆ.

ಹಾಡನ್ನು ಗಮನವಿಟ್ಟು ಓದಿ. ಹಿರಿಸೊಸೆಯನ್ನು ಯಾಕೆ ಕೊಡಲಿಲ್ಲ? ಮನೆಯ ಹಿರಿತನಕ್ಕೆ ಅವಳು ಬೇಕು. ಯಾರು ಹೋದರೆ ಮನೆಗೆ ಹೆಚ್ಚು ನಷ್ಟವಿಲ್ಲವೋ ಅವಳು ಭಾಗೀರಥಿ. ಅವಳ ಗಂಡ ದಂಡಿಗೆ ಹೋಗಿದ್ದಾನೆ, ಅಂದರೆ ಬೇಡವೆನ್ನಲು ಮನೆಯಲ್ಲಿ ಯಾರೂ ಇಲ್ಲ. ವಿಷಯ ತಿಳಿದ ಭಾಗೀರಥಿ ತವರಿಗೆ ಓಡುತ್ತಾಳೆ. ಅಪ್ಪನ ಎದುರು ಬಾಯಿ ಬರುವುದಿಲ್ಲ. ಅತ್ತೆಮಾವ ಬೇರೆ ಇಡುತ್ತಾರಂತೆ ಎಂದಷ್ಟೇ ಹೇಳುತ್ತಾಳೆ. ಅಪ್ಪ ಹೊಲಮನೆ ಕೊಡಿಸುತ್ತೇನೆ ಎನ್ನುತ್ತಾನೆ. ತಾಯಿ ಒಡವೆಯ ಮಾತಾಡುತ್ತಾಳೆ. ಕೊನೆಗೆ ಗೆಳತಿಯ ಹತ್ತಿರ ಮಾತ್ರ ನಿಜ ಹೇಳುತ್ತಾಳೆ. ಆ ಗೆಳತಿಯೂ ಇಟ್ಟ ಹಾಗೆ ಇರಬೇಕೆಂದು ಬುದ್ಧಿ ಹೇಳಿ ಕಳಿಸುತ್ತಾಳೆ. ಅವಳು ತಿರುಗಿ ಬಂದು, ಮನೆಯ ಕೆಲಸವನ್ನೆಲ್ಲ ಮಾಡಿ ಮುಗಿಸುತ್ತಾಳೆ.

ಪೂಜೆಯಾದ ಮೇಲೆ ಕೆರೆಯಲ್ಲಿ ಬಂಗಾರದ ಬಟ್ಟಲು ಮರೆತು ಬಂದೆವೆಂದು ಒಂದು ನೆಪ. ಅದನ್ನು ತರಲು ಅವಳನ್ನೊಬ್ಬಳನ್ನೇ ಕಳಿಸುತ್ತಾರೆ. ತ್ಯಾಗ ಮಾಡಲು ಹೊರಟವಳಿಗೆ ನೆಪ ಯಾಕೆ ಬೇಕು? ಹೇಳಿ ಒಪ್ಪಿಸಿದ್ದರೆ ಬಟ್ಟಲನ್ನು ಮರೆಯುವ ಅಗತ್ಯವಿರಲಿಲ್ಲ. ಹಾಡು ಕಟ್ಟಿದ ಹೆಂಗಸರಿಗೆ ಇದು ಗೊತ್ತಿತ್ತು. ಅದಕ್ಕೇ ಬಟ್ಟಲನ್ನು ಹಾಡಿನಲ್ಲಿ ಇಟ್ಟರು. ಅದಕ್ಕೇ ದಂಡಿನಿಂದ ಬಂದ ಗಂಡನನ್ನೂ ಅದೇ ಕೆರೆಗೆ ಹಾರಿಸಿದರು. ಬೀಸುವಾಗ, ಕುಟ್ಟುವಾಗ ಹೆಂಗಸರು ಹೇಳಿಕೊಂಡ ದೂರು ಇದು. ನಾವು ತರಗತಿಗೆ ತಂದು ಅದನ್ನು ಪ್ರಶಂಸಾಪತ್ರ ಮಾಡಿಬಿಟ್ಟೆವು.

ಇದೆಲ್ಲ ಕತೆ, ಕತೆಯ ಮೇಲೆ ಇಷ್ಟು ಸಿಟ್ಟೇಕೆ ಎನ್ನುವವರಿದ್ದಾರೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕತೆ ಕಟ್ಟುವವನಲ್ಲ. ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆಯನ್ನು ಅವನು ನೋಡಿದ್ದ. 15,000ದಿಂದ 20,000 ಜನ ಇರುವೆಗಳ ಹಾಗೆ ಅಲ್ಲಿ ದುಡಿಯುತ್ತಿದ್ದರೆಂದು ಬರೆದಿದ್ದಾನೆ. ಆ ಕೆರೆ ಎರಡು ಮೂರು ಸಲ ಒಡೆಯಿತಂತೆ. ಬಲಿ ಬೇಕೆಂದು ಹೇಳಿದ್ದರಿಂದ 60 ಮಂದಿಯ ತಲೆ ಕಡಿಸಿದರೆಂದೂ, ಜೊತೆಗೆ ಕುದುರೆ ಕೋಣಗಳನ್ನೂ ಕಡಿಸಿದರೆಂದೂ ಅವನೇ ಬರೆದಿದ್ದಾನೆ. ಬಲಿಯಿಂದ ನೀರು ಎಂಬ ನಂಬಿಕೆ ಹಾಡಿನೊಳಗೆ ಮಾತ್ರ ಇರಲಿಲ್ಲ.

ಹಾಗಾದರೆ ನಮ್ಮ ಹಿಂದಿನವರಿಗೆ ಕೆರೆಯ ವಿದ್ಯೆ ತಿಳಿದಿರಲಿಲ್ಲವೆ? ಚೆನ್ನಾಗಿ ತಿಳಿದಿತ್ತು. ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು ಕಟ್ಟಿಸಿದ ಕೆರೆಯ 1369ರ ಶಾಸನವಿದೆ. ಒಳ್ಳೆಯ ಕೆರೆಗೆ ಬೇಕಾದ 12 ಸಾಧನಗಳನ್ನು ಅದು ಒಂದೊಂದಾಗಿ ಹೇಳುತ್ತದೆ. ಧರ್ಮವಂತ ರಾಜ, ಜಲಶಾಸ್ತ್ರ ಬಲ್ಲ ಪಂಡಿತ, ಗಟ್ಟಿ ನೆಲ, ಸಿಹಿನೀರಿನ ಹೊಳೆ, ಭದ್ರವಾದ ಕಲ್ಲಿನ ಏರಿ, ಆಳವೂ ವಿಸ್ತಾರವೂ ಆದ ಒಡಲು, ಹತ್ತಿರದಲ್ಲೇ ಕಲ್ಲಿನ ಗಣಿ, ನುರಿತ ಕೆಲಸಗಾರರು, ಹೀಗೆ. 6 ದೋಷಗಳನ್ನೂ ಹೇಳುತ್ತದೆ. ಏರಿ ಸೋರುವುದು ಒಂದು ದೋಷ. ಚೌಳು ಮಣ್ಣು ಒಂದು. ಎರಡು ರಾಜ್ಯಗಳ ಗಡಿಯಲ್ಲಿ ಕಟ್ಟುವುದು ಒಂದು. ಕೆರೆಯ ನಡುವೆ ದಿಣ್ಣೆ ಇರುವುದು ಒಂದು. ನೀರು ಕಡಿಮೆಯಾಗಿ ನೆಲ ಹೆಚ್ಚಾದರೂ, ನೆಲ ಕಡಿಮೆಯಾಗಿ ನೀರು ಹೆಚ್ಚಾದರೂ ದೋಷ. ದಿನಕ್ಕೆ 1,000 ಜನ, 100 ಗಾಡಿ, 2 ವರ್ಷ ದುಡಿದರೆಂದೂ ಶಾಸನದಲ್ಲಿದೆ. ಆ ಹನ್ನೆರಡರಲ್ಲಿ ಸೊಸೆ ಇಲ್ಲ. ಆ ಆರು ದೋಷಗಳಿಗೆ ಪರಿಹಾರವಾಗಿಯೂ ಸೊಸೆ ಇಲ್ಲ.

ಸೋಮವಾರಪೇಟೆಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಡಿದ ಮಳೆ ಬಿಡುವುದಿಲ್ಲ. ಹೊನ್ನಮ್ಮನ ಕೆರೆಯನ್ನು ತುಂಬಿಸುವುದು ಆ ಮಳೆ. ನಿಲ್ಲಿಸಿರುವುದು ಮಂಕರಿಯಲ್ಲಿ ಮಣ್ಣು ಹೊತ್ತು ಏರಿ ಕಟ್ಟಿದವರ ಮೈ. ಅವರಲ್ಲಿ ಒಬ್ಬರ ಹೆಸರೂ ಕೆರೆಗಿಲ್ಲ. ಕಟ್ಟಿದವರನ್ನು ಮರೆತು ಸತ್ತವಳನ್ನು ನೆನೆಯುವುದರಲ್ಲಿ ಒಂದು ಅನುಕೂಲವಿದೆ. ಕಟ್ಟಿದವರಿಗೆ ಕೂಲಿ ಕೊಡಬೇಕು. ಸತ್ತವಳಿಗೆ ವರ್ಷಕ್ಕೊಂದು ಬಾಗಿನ ಸಾಕು.

ಈ ಮಾತು ಕಟುವಾಯಿತು ಎನ್ನಿಸಿದರೆ ಇವತ್ತಿನ ದಿನಪತ್ರಿಕೆಯ ಒಳಪುಟ ತೆಗೆಯಿರಿ. 'ನೀರು ತರಲು ಹೋದ ಗೃಹಿಣಿ ಕಾಲು ಜಾರಿ ಬಿದ್ದು ಸಾವು' ಎಂಬಂಥ ಸುದ್ದಿ ಓದದವರು ಯಾರಿದ್ದಾರೆ? ಕೆಲವು ಸಲ ಕಾಲು ಜಾರಿರುವುದು ನಿಜವೇ ಇರುತ್ತದೆ. ಎಲ್ಲ ಸಲವೂ ಅಲ್ಲ ಎಂದು ಸರ್ಕಾರಕ್ಕೂ ಗೊತ್ತು. ಅದಕ್ಕೇ 1986ರಲ್ಲಿ ವರದಕ್ಷಿಣೆ ಸಾವಿನ ಕಲಮನ್ನು ದಂಡಸಂಹಿತೆಗೆ ಸೇರಿಸಿದರು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಉಳಿದಿದೆ. ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತು, ಸಾಯುವ ಮುಂಚೆ ವರದಕ್ಷಿಣೆಗಾಗಿ ಅವಳಿಗೆ ಕಿರುಕುಳವಾದದ್ದು ರುಜುವಾತಾದರೆ, ಗಂಡನ ಮನೆಯವರೇ ಉತ್ತರ ಹೇಳಬೇಕು. ಭಾಗೀರಥಿಯ ತವರಿನವರೂ ಹೊಲ, ಮನೆ, ಒಡವೆ ಎಂದರೇ ಹೊರತು 'ಮಗಳೇ, ಇಲ್ಲೇ ಇದ್ದುಬಿಡು' ಎನ್ನಲಿಲ್ಲ. ಈಗಲೂ ಎಷ್ಟು ತವರುಗಳು ಆ ಮಾತು ಹೇಳುತ್ತವೆ? ಇಟ್ಟ ಹಾಗೆ ಇರಬೇಕೆನ್ನುವ ಗೆಳತಿಯರು ಸ್ಟಾಫ್ ರೂಮಿನಲ್ಲೂ ಇದ್ದಾರೆ.

ನಮ್ಮ ತರಗತಿಗಳಲ್ಲಿ ಕೂರುವ ಹುಡುಗಿಯರು ಇನ್ನು ಐದಾರು ವರ್ಷಕ್ಕೆ ಯಾರದೋ ಮನೆಯ ಕಿರಿಸೊಸೆಯರಾಗುತ್ತಾರೆ. ಹಿರಿಯರು ತೀರ್ಮಾನಿಸಿದ್ದನ್ನು ಬಾಯಿಮುಚ್ಚಿ ನಡೆಸಿಕೊಡುವುದೇ ತ್ಯಾಗ ಎಂದು ಅವರಿಗೆ ಕಲಿಸಿ, ಬರೆಯಿಸಿ, ಐದಕ್ಕೆ ಐದು ಅಂಕ ಕೊಟ್ಟು ಕಳಿಸುವುದು ಯಾವ ಶಿಕ್ಷಣ? ಪಕ್ಕದ ಬೆಂಚಿನ ಹುಡುಗರೂ ಅದನ್ನೇ ಕಲಿತು ಹೋಗುತ್ತಾರೆ ಎಂಬುದನ್ನು ಮರೆಯಬಾರದು.

ಗುಡಿ ಇರಲಿ, ಬಾಗಿನವೂ ಇರಲಿ. ಮೊರ ತುಂಬಿಸಿ ನೀರಿಗೆ ಬಿಡುವ ಹೆಂಗಸರಲ್ಲಿ ಎಷ್ಟು ಮಂದಿ ಒಳಗೊಳಗೇ ಹೊನ್ನಮ್ಮನ ಹತ್ತಿರ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೋ, ಅದನ್ನು ಕಸಿಯುವ ಹಕ್ಕು ನನಗಿಲ್ಲ. ಹಾಡೂ ಪಾಠವಾಗಿಯೇ ಇರಲಿ. ಬದಲಾಗಬೇಕಾದ್ದು ಪಾಠದ ಕೊನೆಯ ಪ್ರಶ್ನೆ. ಕೆರೆಯಲ್ಲಿ ನೀರು ಬಾರದಿರಲು ಏನೇನು ಕಾರಣವಿರಬಹುದು? ಬಟ್ಟಲು ಮರೆತದ್ದು ನಿಜವೆ? ಭಾಗೀರಥಿಯ ತಂದೆ ಏನು ಹೇಳಬೇಕಿತ್ತು? ಈ ಮೂರು ಪ್ರಶ್ನೆ ಕೇಳಿ, ಮಕ್ಕಳು ಬರೆಯುವ ಉತ್ತರಗಳನ್ನು ಮೇಷ್ಟ್ರುಗಳೂ ಟೀಚರುಗಳೂ ಪುರುಸೊತ್ತು ಮಾಡಿಕೊಂಡು ಓದಲಿ. ಸಾಧ್ಯವಿದ್ದರೆ ಮನೆಗೆ ಕೊಂಡೊಯ್ದು ಅತ್ತೆ ಮಾವಂದಿರಿಗೂ ಓದಿ ಹೇಳಲಿ.